ವೀಡಿಯೊ ಪಾಠಗಳಿಗೆ ಬೀಗ ಎಲ್ಲಿ ಹಾಕಬೇಕು?

ಪ್ರಶ್ನೆ: ನಾನು ಆನ್‌ಲೈನ್‌ನಲ್ಲಿ ವಾಟರ್ ಕಲರ್ ಚಿತ್ರಕಲೆ ಹೇಳಿಕೊಡುತ್ತೇನೆ. ಒಟ್ಟು 64 ಪಾಠ, ಸುಮಾರು 22 ಗಂಟೆ. ಹಣ ಕೊಟ್ಟು ಸೇರಿದವರು 300 ಜನ. ವೀಡಿಯೊಗಳೆಲ್ಲ ನನ್ನ ವರ್ಡ್‌ಪ್ರೆಸ್ ವೆಬ್‌ಸೈಟ್‌ನಲ್ಲೇ ಇವೆ. ಸದಸ್ಯರಿಗೆ ಮಾತ್ರ ಪಾಠದ ಪುಟ ತೆರೆಯುತ್ತದೆ. ಆದರೂ ಅಷ್ಟೂ ಪಾಠ ಒಂದು ಮೆಸೇಜಿಂಗ್ ಗುಂಪಿನಲ್ಲಿ ಬಿಟ್ಟಿ ಸಿಗುತ್ತಿದೆ ಎಂದು ಹೋದ ತಿಂಗಳು ವಿದ್ಯಾರ್ಥಿಯೊಬ್ಬರು ತಿಳಿಸಿದರು. ಒಬ್ಬರು ಡಿಆರ್‌ಎಂ (ವೀಡಿಯೊ ನಕಲಾಗದಂತೆ ತಡೆಯುವ ತಂತ್ರಜ್ಞಾನ) ಹಾಕಿಸಿ ಅಂತಾರೆ, ಇನ್ನೊಬ್ಬರು ಯೂಟ್ಯೂಬ್‌ನಲ್ಲಿ ಅನ್‌ಲಿಸ್ಟೆಡ್ ಮಾಡಿ ಇಟ್ಟರೆ ಸಾಕು ಅಂತಾರೆ. ಇದರ ಜೊತೆಗೆ ವೀಡಿಯೊ ನಿಂತು ನಿಂತು ಓಡುತ್ತದೆ ಎಂಬ ದೂರೂ ಜಾಸ್ತಿಯಾಗಿದೆ. ಏನು ಮಾಡಲಿ, ಮೇಡಂ?

ಉತ್ತರ: ಕೂತು ಬಿಡಿಸಿ, ಶೂಟ್ ಮಾಡಿ, ಎಡಿಟ್ ಮಾಡಿದ 22 ಗಂಟೆಯ ಕೆಲಸ ಹೀಗೆ ಬೀದಿಗೆ ಬಿದ್ದರೆ ಕರುಳು ಹಿಂಡಿದ ಹಾಗಾಗುತ್ತದೆ. ನಿಮ್ಮ ಬೇಸರ ನನಗೆ ಅರ್ಥವಾಗುತ್ತದೆ. ಆದರೆ ಡಿಆರ್‌ಎಂ, ಯೂಟ್ಯೂಬ್ ಎಂದು ಓಡುವ ಮೊದಲು ಐದು ನಿಮಿಷದ ಒಂದು ಪರೀಕ್ಷೆ ಮಾಡಿ.

ನಿಮ್ಮ ಸೈಟ್‌ಗೆ ಲಾಗಿನ್ ಆಗಿ ಒಂದು ಪಾಠ ತೆರೆಯಿರಿ. ವೀಡಿಯೊ ಮೇಲೆ ರೈಟ್ ಕ್ಲಿಕ್ ಮಾಡಿ ಅದರ ವಿಳಾಸವನ್ನು ಕಾಪಿ ಮಾಡಿಕೊಳ್ಳಿ. ರೈಟ್ ಕ್ಲಿಕ್ ಬಂದ್ ಮಾಡಿಸಿದ್ದರೆ ಎಫ್12 ಒತ್ತಿ. ಡೆವಲಪರ್ ಟೂಲ್ಸ್ ತೆರೆಯುತ್ತದೆ. ಅದರ ನೆಟ್‌ವರ್ಕ್ ಪಟ್ಟಿಯಲ್ಲಿ ಎಂಪಿ4 ಎಂದು ಮುಗಿಯುವ ಸಾಲು ಸಿಗುತ್ತದೆ. ಆ ವಿಳಾಸವನ್ನು ಬ್ರೌಸರ್‌ನ ಪ್ರೈವೇಟ್ ಕಿಟಕಿಯಲ್ಲಿ, ಲಾಗಿನ್ ಆಗದೆ, ಅಂಟಿಸಿ. ವೀಡಿಯೊ ಓಡಿತಾ? ಹಾಗಾದರೆ ನಿಮ್ಮ ಪಾಠಗಳಿಗೆ ಇಷ್ಟು ದಿನ ಬೀಗವೇ ಇರಲಿಲ್ಲ.

ಓಡುತ್ತದೆ ಎಂದೇ ನನ್ನ ಅಂದಾಜು. ಏಕೆಂದರೆ ವರ್ಡ್‌ಪ್ರೆಸ್‌ನ ಸದಸ್ಯತ್ವ ಪ್ಲಗಿನ್‌ಗಳು (ಸೈಟ್‌ಗೆ ಜೋಡಿಸುವ ಚಿಕ್ಕ ಸಾಫ್ಟ್‌ವೇರ್‌ಗಳು) ಸಾಮಾನ್ಯವಾಗಿ ಕಾಯುವುದು ಪುಟವನ್ನು, ಫೈಲನ್ನಲ್ಲ. ನೀವು ಹಾಕಿದ ವೀಡಿಯೊ 'ಅಪ್‌ಲೋಡ್ಸ್' ಎಂಬ ಫೋಲ್ಡರ್‌ನಲ್ಲಿ, ವರ್ಷ ಮತ್ತು ತಿಂಗಳ ಹೆಸರಿನ ಒಳಫೋಲ್ಡರ್‌ನಲ್ಲಿ ಕೂರುತ್ತದೆ. ಯಾರಾದರೂ ನೇರವಾಗಿ ಆ ವಿಳಾಸಕ್ಕೆ ಬಂದರೆ ಸರ್ವರ್ ಸುಮ್ನೆ ಫೈಲ್ ಎತ್ತಿ ಕೊಟ್ಟುಬಿಡುತ್ತದೆ. ಪ್ಲಗಿನ್‌ಗೆ ವಿಷಯವೇ ತಿಳಿಯುವುದಿಲ್ಲ. ಇನ್ನು ಫೈಲ್‌ಗಳ ಹೆಸರು 'ಪಾಠ-01', 'ಪಾಠ-02' ಎಂದಿದ್ದರೆ ಒಂದು ವಿಳಾಸ ಸಿಕ್ಕವರಿಗೆ ಉಳಿದ 63 ಸಿಕ್ಕ ಹಾಗೆಯೇ. ಅಂಕಿ ಬದಲಾಯಿಸುತ್ತಾ ಹೋದರೆ ಸಾಕು. ಆ ಫೋಲ್ಡರನ್ನು ಗೂಗಲ್ ನೋಡದಿರಲಿ ಎಂದು ಕೆಲವರು ರೋಬಾಟ್ಸ್ ಫೈಲ್‌ನಲ್ಲಿ ಅದರ ಹೆಸರು ಬರೆದಿಡುತ್ತಾರೆ. ಆ ಫೈಲನ್ನು ಯಾರು ಬೇಕಾದರೂ ಓದಬಹುದು. ಅಂದರೆ ಮಾಲು ಎಲ್ಲಿದೆ ಎಂದು ಬೋರ್ಡ್ ಹಾಕಿದಂತೆ ಆಗುತ್ತದೆ.

ಹಾಗಾಗಿ ನಿಮ್ಮ ಪಾಠಗಳನ್ನು ಯಾವನೋ ಮಹಾ ಜಾಣ ಹ್ಯಾಕರ್ ಕದ್ದ ಎಂದುಕೊಳ್ಳಬೇಡಿ. ಹಣ ಕೊಟ್ಟ ಒಬ್ಬರು ಲಿಂಕ್ ಕಾಪಿ ಮಾಡಿ ಗೆಳೆಯರಿಗೆ ಕಳಿಸಿರಬಹುದು, ಅವರಲ್ಲಿ ಒಬ್ಬರು ಎಲ್ಲವನ್ನೂ ಇಳಿಸಿಕೊಂಡಿರಬಹುದು. ಇದನ್ನು ಒತ್ತಿ ಹೇಳಲು ಕಾರಣವಿದೆ. ಯಾರಿಂದ ಕಾಪಾಡಬೇಕು ಎಂಬುದು ತಿಳಿದರೆ ಎಷ್ಟು ಖರ್ಚು ಮಾಡಬೇಕು ಎಂಬುದೂ ತಿಳಿಯುತ್ತದೆ. ಹಟ ಹಿಡಿದು ಕದಿಯಲು ಕೂತವನನ್ನು ತಡೆಯುವುದು ಕಷ್ಟ. ನೀವು ಚಾಪೆ ಕೆಳಗೆ ತೂರಿದರೆ ಅವನು ರಂಗೋಲಿ ಕೆಳಗೆ ತೂರುತ್ತಾನೆ. ಏನೂ ಇಲ್ಲದಿದ್ದರೆ ಇನ್ನೊಂದು ಫೋನನ್ನು ಪರದೆಯ ಮುಂದಿಟ್ಟು ಚಿತ್ರಿಸಿಕೊಳ್ಳುತ್ತಾನೆ. ಅದನ್ನು ತಡೆಯುವ ತಂತ್ರಜ್ಞಾನ ಯಾರ ಬಳಿಯೂ ಇಲ್ಲ. ಕೋಟಿಗಟ್ಟಲೆ ಸುರಿದು ಸಿನಿಮಾ ಮಾಡುವ ಕಂಪನಿಗಳ ಬಳಿಯೂ ಇಲ್ಲ. ಆದರೆ ನಿಮ್ಮ 300 ಜನರಲ್ಲಿ ಅಂಥವರು ಇದ್ದರೂ ಒಬ್ಬರೋ ಇಬ್ಬರೋ. ಉಳಿದವರು ಒಳ್ಳೆಯವರು. ಲಿಂಕ್ ಸುಲಭವಾಗಿ ಸಿಕ್ಕರೆ ತಂಗಿಗೆ ಕಳಿಸುತ್ತಾರೆ, ಸಿಗದಿದ್ದರೆ ಆ ಯೋಚನೆಯನ್ನೇ ಮಾಡುವುದಿಲ್ಲ. ಈ ಸುಲಭದ ದಾರಿಯನ್ನು ಮುಚ್ಚಬೇಕು. ಹಾಗೆ ಮುಚ್ಚುವಾಗ ಹಣ ಕೊಟ್ಟವರಿಗೆ ತೊಂದರೆ ಆಗಬಾರದು. ನಾನು ಮುಂದೆ ಹೇಳುವುದೆಲ್ಲ ಈ ಎರಡು ಮಾತಿನ ಮೇಲೆಯೇ ನಿಂತಿದೆ.

ಮೊದಲು ವೀಡಿಯೊಗಳನ್ನು ಆ ವೆಬ್‌ಸೈಟ್‌ನ ಹೋಸ್ಟಿಂಗ್‌ನಿಂದ ತೆಗೆಯಿರಿ. ನಿಂತು ನಿಂತು ಓಡುವ ದೂರಿಗೂ ಮದ್ದು ಇಲ್ಲೇ ಇದೆ. ಒಂದು ಲೆಕ್ಕ ಹಾಕೋಣ. 1080ಪಿ ವೀಡಿಯೊ ಸೆಕೆಂಡಿಗೆ 4 ಮೆಗಾಬಿಟ್‌ನಂತೆ ಓಡಿದರೆ ಒಂದು ಗಂಟೆಗೆ 1.8 ಜಿಬಿ ಆಗುತ್ತದೆ. 22 ಗಂಟೆಗೆ ಸುಮಾರು 40 ಜಿಬಿ. ಇಟ್ಟುಕೊಳ್ಳಲು ಇದು ಏನೇನೂ ಅಲ್ಲ, ಒಂದು ಪೆನ್‌ಡ್ರೈವ್‌ನಲ್ಲಿ ಹಿಡಿಯುತ್ತದೆ. ಆದರೆ 300 ಜನ ಒಂದು ಸಲ ಪೂರ್ತಿ ನೋಡಿದರೆ 12,000 ಜಿಬಿ, ಅಂದರೆ 12 ಟಿಬಿ ಹೊರಗೆ ಹರಿಯಬೇಕು. ವೀಡಿಯೊ ವಿಷಯದಲ್ಲಿ ಇಡುವ ಖರ್ಚು ಚಿಕ್ಕದು, ಬಡಿಸುವ ಖರ್ಚು ದೊಡ್ಡದು. ಹತ್ತಾರು ವೆಬ್‌ಸೈಟ್‌ಗಳು ಒಂದೇ ಯಂತ್ರವನ್ನು ಹಂಚಿಕೊಂಡಿರುವ ಸಾಮಾನ್ಯ ಹೋಸ್ಟಿಂಗ್ ಇಂಥ ಕೆಲಸಕ್ಕೆ ಹುಟ್ಟಿದ್ದೇ ಅಲ್ಲ. ಸಂಜೆ ಇಪ್ಪತ್ತು ಜನ ಒಟ್ಟಿಗೆ ಕೂತರೆ 80 ಮೆಗಾಬಿಟ್ ಬೇಕು. ಅಲ್ಲಿಗೆ ಅದು ಏದುಸಿರು ಬಿಡುತ್ತದೆ.

ಇನ್ನೊಂದು ಕಾರಣವೂ ಇದೆ. ನೀವು ಇಟ್ಟಿರುವುದು ಒಂದೇ ಗಾತ್ರದ ಎಂಪಿ4. ನೋಡುವವರ ನೆಟ್ ಚೆನ್ನಾಗಿದ್ದರೂ ಅದೇ ಫೈಲು, ಕುಂಟುತ್ತಿದ್ದರೂ ಅದೇ ಫೈಲು. ವೀಡಿಯೊ ಸೇವೆಗಳು ಹೀಗೆ ಮಾಡುವುದಿಲ್ಲ. ನೀವು ಕೊಟ್ಟ ಒಂದು ಫೈಲಿನಿಂದ 1080ಪಿ, 720ಪಿ, 360ಪಿ ಎಂದು ಮೂರು ನಾಲ್ಕು ಪ್ರತಿ ಮಾಡುತ್ತವೆ. ಪ್ರತಿಯೊಂದನ್ನೂ ಕೆಲವೇ ಸೆಕೆಂಡಿನ ತುಂಡುಗಳಾಗಿ ಕತ್ತರಿಸುತ್ತವೆ. ಇದಕ್ಕೆ ಎಚ್‌ಎಲ್‌ಎಸ್ ಎಂದು ಹೆಸರು. 2009ರಲ್ಲಿ ಆ್ಯಪಲ್ ತಂದದ್ದು, ಈಗ ಎಲ್ಲ ಕಡೆ ಓಡುತ್ತದೆ. ತುಂಡು 6 ಸೆಕೆಂಡ್ ಇರಲಿ ಎಂಬುದು ಆ್ಯಪಲ್‌ನ ಸಲಹೆ. ಆ ಲೆಕ್ಕದಲ್ಲಿ ನಿಮ್ಮ 22 ಗಂಟೆ 13,200 ತುಂಡಾಗುತ್ತದೆ, ಅದೂ ಒಂದು ಪ್ರತಿಗೆ. ನೆಟ್ ಕುಂಟಿದರೆ ಪ್ಲೇಯರ್ ಮುಂದಿನ ತುಂಡನ್ನು 360ಪಿಯಿಂದ ತರುತ್ತದೆ, ಸುಧಾರಿಸಿದರೆ ಮತ್ತೆ 1080ಪಿಗೆ ಏರುತ್ತದೆ. ಚಿತ್ರ ಸ್ವಲ್ಪ ಮಸುಕಾದರೂ ಪಾಠ ನಿಲ್ಲುವುದಿಲ್ಲ. ತುಂಡುಗಳು ಸಿಡಿಎನ್ ಮೂಲಕ, ಅಂದರೆ ನೋಡುವವರಿಗೆ ಹತ್ತಿರದ ಸರ್ವರ್‌ನಿಂದ ಹೋಗುತ್ತವೆ. ಕದಿಯುವವರಿಗೂ ಇಲ್ಲಿ ಒಂದು ಅಡ್ಡಿ ಬರುತ್ತದೆ. ರೈಟ್ ಕ್ಲಿಕ್ ಮಾಡಿ ಉಳಿಸಿಕೊಳ್ಳಲು ಒಂದೇ ಫೈಲ್ ಎಂಬುದು ಅಲ್ಲಿರುವುದಿಲ್ಲ. ತುಂಡುಗಳನ್ನು ಹೆಕ್ಕಿ ಜೋಡಿಸುವ ಉಪಕರಣಗಳು ಇವೆ, ನಿಜ. ಆದರೆ ತಂಗಿಗೆ ಕಳಿಸುವವರು ಅಷ್ಟು ದೂರ ಹೋಗುವುದಿಲ್ಲ.

ಇದನ್ನೆಲ್ಲ ನೀವೇ ಮಾಡಬಹುದು. ಎಫ್ಎಫ್ಎಂಪೆಗ್ ಎಂಬ ಉಚಿತ ಸಾಫ್ಟ್‌ವೇರ್‌ನಿಂದ ಕತ್ತರಿಸಿ, ಕ್ಲೌಡ್ ಸ್ಟೋರೇಜ್‌ನಲ್ಲಿಟ್ಟು, ಮುಂದೆ ಸಿಡಿಎನ್ ನಿಲ್ಲಿಸಬಹುದು. ಆದರೆ ಬೇಡ. ನೀವು ಚಿತ್ರ ಕಲಿಸುವವರು. ರಾತ್ರಿ ಕೂತು ಸರ್ವರ್ ರಿಪೇರಿ ಮಾಡುವ ಕೆಲಸ ನಿಮ್ಮದಲ್ಲ. ಬನ್ನಿ (Bunny) ಸ್ಟ್ರೀಮ್, ಕ್ಲೌಡ್‌ಫ್ಲೇರ್ ಸ್ಟ್ರೀಮ್, ವಿಮಿಯೊ, ಮಕ್ಸ್, ಹೀಗೆ ತಯಾರು ಸೇವೆಗಳು ಹಲವಿವೆ. ಇವುಗಳಲ್ಲಿ ಯಾವುದು ಎನ್ನುವುದಕ್ಕಿಂತ ಹೇಗೆ ಬಿಲ್ ಹಾಕುತ್ತಾರೆ ಎಂದು ಮೊದಲು ನೋಡಿ. ಬನ್ನಿ ಸ್ಟ್ರೀಮ್ ಜಿಬಿ ಲೆಕ್ಕದಲ್ಲಿ ಹಣ ತೆಗೆದುಕೊಳ್ಳುತ್ತದೆ, ಕ್ಲೌಡ್‌ಫ್ಲೇರ್ ನಿಮಿಷದ ಲೆಕ್ಕದಲ್ಲಿ. ನಿಮ್ಮ ವೀಡಿಯೊದಲ್ಲಿ ಒಂದು ಕಾಗದ, ಒಂದು ಕೈ, ಒಂದು ಕುಂಚ ಇರುತ್ತದೆ, ಅಲ್ವಾ? ಹಿನ್ನೆಲೆ ಅಲುಗಾಡುವುದಿಲ್ಲ. ಇಂಥ ವೀಡಿಯೊವನ್ನು ಚೆನ್ನಾಗಿ ಒತ್ತಿ ಚಿಕ್ಕದು ಮಾಡಬಹುದು. 720ಪಿಯಲ್ಲಿ ಸೆಕೆಂಡಿಗೆ 2 ಮೆಗಾಬಿಟ್ ಸಾಕಾದರೆ 12 ಟಿಬಿ 6 ಟಿಬಿಗೆ ಇಳಿಯುತ್ತದೆ. ಆಗ ಜಿಬಿ ಲೆಕ್ಕ ನಿಮಗೆ ಅನುಕೂಲ. ಬಣ್ಣದ ಸೂಕ್ಷ್ಮ ಕಾಣಲೇಬೇಕು, ಸೆಕೆಂಡಿಗೆ ಹೆಚ್ಚು ಮೆಗಾಬಿಟ್ ಬೇಕೇ ಬೇಕು ಎಂದರೆ ನಿಮಿಷದ ಲೆಕ್ಕ ಮೇಲಾಗಬಹುದು. ನಿಮ್ಮ 300 ಜನ ಪೂರ್ತಿ ನೋಡಿದರೆ 3,96,000 ನಿಮಿಷ. ಎರಡೂ ಕಡೆಯ ದರಪಟ್ಟಿಗೆ ಈ ಅಂಕಿ ಹಾಕಿ ನೋಡಿ. ಎಲ್ಲರೂ ಕೊನೆಯ ಪಾಠದವರೆಗೆ ನೋಡುವುದಿಲ್ಲ, ಹಾಗಾಗಿ ನಿಜವಾದ ಬಿಲ್ ಇದಕ್ಕಿಂತ ಕಡಿಮೆ ಬರುತ್ತದೆ.

ಸೇರುವ ಮುನ್ನ ಸೇವೆಯವರನ್ನು ಎರಡು ಪ್ರಶ್ನೆ ಕೇಳಿ. ಮಿತಿ ಮೀರಿದರೆ ವೀಡಿಯೊ ನಿಲ್ಲುತ್ತದೋ ಅಥವಾ ಬಿಲ್ ಏರುತ್ತಲೇ ಹೋಗುತ್ತದೋ? ನಾನು ಹಾಕಿದ ಮೂಲ ಫೈಲನ್ನು ಹಾಗೆಯೇ ವಾಪಸ್ ಇಳಿಸಿಕೊಳ್ಳಬಹುದೋ? ಇದಕ್ಕೆ ನೇರ ಉತ್ತರ ಬರದಿದ್ದರೆ ಮುಂದಿನ ಸೇವೆ ನೋಡಿ.

ಈಗ ಬೀಗದ ಮಾತು. ನಿಮ್ಮಂಥ ಚಿಕ್ಕ ವ್ಯವಹಾರಕ್ಕೆ ಅತಿ ಮುಖ್ಯವಾದ ಬೀಗ ಸಹಿ ಮಾಡಿದ ಲಿಂಕ್. ಸೈನ್ಡ್ ಯುಆರ್‌ಎಲ್ ಎಂದೋ ಟೋಕನ್ ಎಂದೋ ಸೇವೆಯ ಸೆಟ್ಟಿಂಗ್‌ನಲ್ಲಿ ಕಾಣುತ್ತದೆ. ಕೆಲಸ ಮಾಡುವ ಬಗೆ ಹೀಗೆ. ಸದಸ್ಯರು ಪಾಠದ ಪುಟ ತೆರೆದಾಗ ನಿಮ್ಮ ವೆಬ್‌ಸೈಟ್ ವೀಡಿಯೊ ವಿಳಾಸದ ಜೊತೆಗೆ 'ಇದು ಇಷ್ಟು ಗಂಟೆಯವರೆಗೆ ನಡೆಯುತ್ತದೆ' ಎಂಬ ಮಾಹಿತಿ ಸೇರಿಸುತ್ತದೆ. ಆಮೇಲೆ ಒಂದು ಗುಟ್ಟಿನ ಕೀಲಿ ಬಳಸಿ ಅದಕ್ಕೆ ಸಹಿ ಹಾಕುತ್ತದೆ. ಆ ಕೀಲಿ ನಿಮ್ಮ ಸರ್ವರ್‌ಗೆ ಮತ್ತು ವೀಡಿಯೊ ಸೇವೆಗೆ ಮಾತ್ರ ಗೊತ್ತು. ಯಾರಾದರೂ ಗಂಟೆಯನ್ನು ತಿದ್ದಿದರೆ ಸಹಿ ತಾಳೆಯಾಗುವುದಿಲ್ಲ, ಬಾಗಿಲು ತೆರೆಯುವುದಿಲ್ಲ. ಸಮಯ ಮುಗಿದ ಮೇಲೆ ಲಿಂಕ್ ಸತ್ತುಹೋಗುತ್ತದೆ. ಬೆಳಗ್ಗೆ ಗುಂಪಿಗೆ ಕಳಿಸಿದ ಲಿಂಕ್ ಸಂಜೆ ಯಾರಿಗೂ ಕೆಲಸಕ್ಕೆ ಬಾರದು.

ಇದರಲ್ಲಿ ಹೊಸಬರು ಎಡವುವ ಜಾಗ ಎರಡಿವೆ. ಒಂದು, ಅವಧಿಯನ್ನು ತೀರಾ ಚಿಕ್ಕದಾಗಿ ಇಡುವುದು. ಹತ್ತು ನಿಮಿಷ ಇಟ್ಟರೆ ಭದ್ರ ಅನ್ನಿಸುತ್ತದೆ. ಆದರೆ ತುಂಡುಗಳು ಒಂದೊಂದಾಗಿ ಬರುತ್ತವೆ, ಪ್ರತಿ ತುಂಡಿಗೂ ಸಹಿ ನೋಡುವ ಸೇವೆಗಳಿವೆ. ಹನ್ನೊಂದನೇ ನಿಮಿಷಕ್ಕೆ ಪಾಠ ತಟ್ಟನೆ ನಿಲ್ಲುತ್ತದೆ. ಚಿತ್ರ ಕಲಿಯುವವರು ವೀಡಿಯೊ ನಿಲ್ಲಿಸುತ್ತಾರೆ, ಬಣ್ಣ ಒಣಗಲಿ ಎಂದು ಕಾಯುತ್ತಾರೆ, ಮತ್ತೆ ಬರುತ್ತಾರೆ. ನಿಮಗೆ ನಾಲ್ಕರಿಂದ ಆರು ಗಂಟೆ ಸರಿ. ಎರಡನೆಯದು, ಯಾವ ತುಂಡಿನ ನಂತರ ಯಾವುದು ಎಂದು ಪ್ಲೇಯರ್‌ಗೆ ಹೇಳುವ ಪಟ್ಟಿಯ ಫೈಲ್‌ಗೆ ಮಾತ್ರ ಸಹಿ ಹಾಕಿ ತುಂಡುಗಳನ್ನು ತೆರೆದಿಡುವುದು. ಸಹಿ ಆ ವೀಡಿಯೊದ ಪೂರ್ತಿ ಫೋಲ್ಡರ್‌ಗೆ ಅನ್ವಯಿಸಬೇಕು. ತಯಾರು ಸೇವೆ ತೆಗೆದುಕೊಂಡರೆ ಈ ಎರಡನೇ ತಲೆನೋವನ್ನು ಅವರೇ ನೋಡಿಕೊಳ್ಳುತ್ತಾರೆ.

ಇದರ ಪಕ್ಕದಲ್ಲೇ ಡೊಮೇನ್ ನಿರ್ಬಂಧ ಎಂಬ ಸೆಟ್ಟಿಂಗ್ ಇರುತ್ತದೆ. ನಿಮ್ಮ ವೆಬ್‌ಸೈಟ್ ಬಿಟ್ಟು ಬೇರೆ ಕಡೆ ವೀಡಿಯೊ ಓಡಬಾರದು ಎಂದು ಹೇಳುವುದು. ಹಾಕಿ, ಒಳ್ಳೆಯದೇ. ಆದರೆ ಅದನ್ನೇ ನಂಬಬೇಡಿ. 'ನಾನು ಇಂಥ ಪುಟದಿಂದ ಬಂದೆ' ಎಂದು ಬ್ರೌಸರ್ ಹೇಳಿದ ಮಾತಿನ ಮೇಲೆ ಅದು ನಿಂತಿದೆ. ಡೌನ್‌ಲೋಡ್ ಉಪಕರಣ ಆ ಮಾತನ್ನು ಸುಳ್ಳು ಹೇಳಬಲ್ಲದು.

ಲಿಂಕ್ ಭದ್ರವಾದರೆ ಉಳಿಯುವ ದೊಡ್ಡ ತೂತು ಪಾಸ್‌ವರ್ಡ್ ಹಂಚಿಕೊಳ್ಳುವುದು. ನನ್ನ ಅನುಭವದಲ್ಲಿ ಚಿಕ್ಕ ಕೋರ್ಸ್‌ಗಳಿಗೆ ಕಳ್ಳತನಕ್ಕಿಂತ ಇದರಿಂದಲೇ ಜಾಸ್ತಿ ನಷ್ಟ. ಒಂದು ಖಾತೆಗೆ ಒಮ್ಮೆಗೆ ಎರಡು ಸಾಧನ ಎಂದು ಮಿತಿ ಹಾಕಿ. ಮೂರನೆಯದು ಬಂದರೆ ಹೊಸದನ್ನು ತಡೆಯಬೇಡಿ, ಹಳೆಯದನ್ನು ಹೊರಗೆ ಹಾಕಿ. ಫೋನ್ ಬದಲಾಯಿಸಿದ ಪ್ರಾಮಾಣಿಕ ವಿದ್ಯಾರ್ಥಿಗೆ ಬಾಗಿಲು ಮುಚ್ಚಿದರೆ ಅವರ ಮುನಿಸು ನ್ಯಾಯವಾದದ್ದೇ. ಐಪಿ ವಿಳಾಸ (ನೆಟ್‌ನಲ್ಲಿ ಸಾಧನಕ್ಕೆ ಸಿಗುವ ನಂಬರ್) ನೋಡಿ ಖಾತೆ ಬಂದ್ ಮಾಡುವ ವ್ಯವಸ್ಥೆಯಂತೂ ಬೇಡವೇ ಬೇಡ. ಮೊಬೈಲ್ ನೆಟ್‌ನಲ್ಲಿ ಒಬ್ಬರ ಐಪಿಯೇ ದಿನಕ್ಕೆ ಹಲವು ಸಲ ಬದಲಾಗುತ್ತದೆ.

ಮೂರನೆಯದು ಹೆಸರಿನ ಗುರುತು, ಅಂದರೆ ವಾಟರ್‌ಮಾರ್ಕ್. ನೋಡುತ್ತಿರುವವರ ಗುರುತು ವೀಡಿಯೊ ಮೇಲೆ ತೆಳ್ಳಗೆ ತೇಲುತ್ತಿರಬೇಕು. ಅರ್ಧ ನಿಮಿಷಕ್ಕೊಮ್ಮೆ ಜಾಗ ಬದಲಿಸುತ್ತಿರಬೇಕು, ಇಲ್ಲವಾದರೆ ಮೂಲೆಯನ್ನು ಕತ್ತರಿಸಿ ಹಂಚುತ್ತಾರೆ. ಇದು ಕದಿಯುವುದನ್ನು ತಡೆಯುವುದಿಲ್ಲ. ಆದರೆ ತನ್ನ ಗುರುತಿರುವ ವೀಡಿಯೊವನ್ನು ಊರಿಗೆಲ್ಲ ಹಂಚಲು ಕೈ ಬರುವುದಿಲ್ಲ. ಹಂಚಿದರೂ ಯಾರು ಎಂದು ನಿಮಗೆ ತಿಳಿಯುತ್ತದೆ. ಗುರುತಾಗಿ ಪೂರ್ತಿ ಫೋನ್ ನಂಬರ್ ಹಾಕಬೇಡಿ, ಅದು ಅವರ ಖಾಸಗಿ ವಿಷಯ. ಆರ್ಡರ್ ನಂಬರ್, ಇಮೇಲ್‌ನ ಮೊದಲ ಕೆಲವು ಅಕ್ಷರ ಸಾಕು. ಚಿತ್ರಕಲೆಯ ಪಾಠದಲ್ಲಿ ಬಣ್ಣ ಸರಿಯಾಗಿ ಕಾಣಬೇಕಾದ್ದರಿಂದ ಗುರುತು ಕಾಗದದ ಮಧ್ಯಕ್ಕೆ ಬರದ ಹಾಗೆ ನೋಡಿಕೊಳ್ಳಿ.

ಒಂದು ಸೂಕ್ಷ್ಮ ಇದೆ, ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ಅನೇಕ ಅಗ್ಗದ ಪ್ಲಗಿನ್‌ಗಳು ಈ ಗುರುತನ್ನು ವೀಡಿಯೊ ಒಳಗೆ ಬರೆಯುವುದಿಲ್ಲ, ಪುಟದ ಮೇಲೊಂದು ಪದರವಾಗಿ ಇಡುತ್ತವೆ. ಐಫೋನ್‌ನಲ್ಲಿ ಪೂರ್ಣ ಪರದೆ ಒತ್ತಿದರೆ ಫೋನಿನದೇ ಪ್ಲೇಯರ್ ತೆರೆದುಕೊಳ್ಳುತ್ತದೆ, ಆ ಪದರ ಮಾಯವಾಗುತ್ತದೆ. ಹಣ ಕೊಡುವ ಮೊದಲು ಐಫೋನ್‌ನಲ್ಲಿ ಒಮ್ಮೆ ಪರೀಕ್ಷೆ ಮಾಡಿಸಿ.

ಡಿಆರ್‌ಎಂ ಬಗ್ಗೆ ಕೇಳಿದ್ದೀರಿ. ಅದಕ್ಕೂ ಮೊದಲು ಅದರ ತಮ್ಮನ ಬಗ್ಗೆ ಎರಡು ಮಾತು. ಎಚ್‌ಎಲ್‌ಎಸ್‌ನಲ್ಲಿ ಎಇಎಸ್-128 ಎಂಬ ಎನ್‌ಕ್ರಿಪ್ಷನ್ ಇದೆ. ತುಂಡುಗಳನ್ನೆಲ್ಲ ಪೆಟ್ಟಿಗೆಗೆ ಹಾಕಿ ಬೀಗ ಜಡಿಯುತ್ತದೆ. ಆದರೆ ಕೀಲಿ ಎಲ್ಲಿದೆ ಎಂದು ಅದೇ ಪಟ್ಟಿಯಲ್ಲಿ ಬರೆದಿರುತ್ತದೆ, ಬ್ರೌಸರ್‌ಗೆ ಕೀಲಿ ಯಾವ ಮುಚ್ಚುಮರೆಯೂ ಇಲ್ಲದೆ ಸಿಗುತ್ತದೆ. ಕೀಲಿಯ ವಿಳಾಸವನ್ನು ಲಾಗಿನ್ ಹಿಂದೆ ಇಟ್ಟರೆ ಮಾತ್ರ ಇದಕ್ಕೆ ಅರ್ಥ. ಕೆಲವು ಕಡೆ ಇದನ್ನೇ 'ಬ್ಯಾಂಕ್ ಮಟ್ಟದ ಭದ್ರತೆ' ಎಂದು ಮಾರುತ್ತಾರೆ. ಡಿಆರ್‌ಎಂ ಇದಲ್ಲ.

ನಿಜವಾದ ಡಿಆರ್‌ಎಂನಲ್ಲಿ ಕೀಲಿ ಬ್ರೌಸರ್‌ನೊಳಗಿನ ಒಂದು ಮುಚ್ಚಿದ ಭಾಗಕ್ಕೆ ನೇರ ಹೋಗುತ್ತದೆ, ನೋಡುವವರ ಕೈಗೆ ಸಿಗುವುದಿಲ್ಲ. ಇದರಲ್ಲಿ ಮೂರು ಮನೆತನಗಳಿವೆ: ಗೂಗಲ್‌ನ ವೈಡ್‌ವೈನ್, ಆ್ಯಪಲ್‌ನ ಫೇರ್‌ಪ್ಲೇ, ಮೈಕ್ರೋಸಾಫ್ಟ್‌ನ ಪ್ಲೇರೆಡಿ. ಕ್ರೋಮ್, ಆಂಡ್ರಾಯ್ಡ್‌ಗೆ ಮೊದಲನೆಯದು ಬೇಕು. ಐಫೋನ್, ಸಫಾರಿಗೆ ಎರಡನೆಯದು. ಹಾಗಾಗಿ ಒಂದನ್ನೇ ಹಾಕಿದರೆ ಒಂದಷ್ಟು ಜನರಿಗೆ ಪಾಠ ಓಡುವುದಿಲ್ಲ. ವೈಡ್‌ವೈನ್‌ನಲ್ಲೂ ಮಟ್ಟಗಳಿವೆ. ಫೋನಿನ ಚಿಪ್ ಮಟ್ಟದಲ್ಲಿ ಕಾಯುವ ಎಲ್1 ಇದ್ದರೆ ಸ್ಕ್ರೀನ್ ರೆಕಾರ್ಡ್ ಮಾಡಿದಾಗ ಬರೀ ಕಪ್ಪು ಪರದೆ ಬರುತ್ತದೆ. ಸಾಫ್ಟ್‌ವೇರ್ ಮಟ್ಟದ ಎಲ್3ರಲ್ಲಿ ಆ ಖಾತ್ರಿ ಇಲ್ಲ, ಮತ್ತು ಕಂಪ್ಯೂಟರ್ ಬ್ರೌಸರ್‌ಗಳಲ್ಲಿ ಸಾಮಾನ್ಯವಾಗಿ ಸಿಗುವುದು ಎಲ್3.

ಇದರ ಬೆಲೆ ಬರೀ ಹಣದಲ್ಲಿಲ್ಲ. ಹಳೆಯ ಫೋನ್‌ನವರು, ಪ್ರೊಜೆಕ್ಟರ್‌ಗೆ ಜೋಡಿಸಿ ನೋಡುವವರು, ಬ್ರೌಸರ್ ಅಪ್‌ಡೇಟ್ ಮಾಡದವರು 'ಕಪ್ಪಾಗಿ ಕಾಣುತ್ತಿದೆ' ಎಂದು ನಿಮಗೆ ಬರೆಯುತ್ತಾರೆ. ಉತ್ತರ ಕೊಡಲು ನಿಮ್ಮ ಬಳಿ ಒಂದು ತಂಡ ಇದೆಯಾ? ಇಲ್ಲದಿದ್ದರೆ ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗಾಗುತ್ತದೆ. ಡಿಆರ್‌ಎಂ ಬೇಡವೇ ಬೇಡ ಎಂದು ನಾನು ಹೇಳುತ್ತಿಲ್ಲ. ಒಂದು ಕೋರ್ಸ್‌ನ ಬೆಲೆ ತುಂಬ ದೊಡ್ಡದಿದ್ದರೆ, ಕದ್ದು ಮರುಮಾರಾಟ ಮಾಡುವುದೇ ಕೆಲಸವಾಗಿರುವ ಗುಂಪು ನಿಮ್ಮ ಹಿಂದೆ ಬಿದ್ದಿದ್ದರೆ, ಬೇರೆಯವರಿಂದ ಹಕ್ಕು ಪಡೆದ ವೀಡಿಯೊಗೆ ಒಪ್ಪಂದದಲ್ಲೇ ಡಿಆರ್‌ಎಂ ಬೇಕೆಂದಿದ್ದರೆ ಹಾಕಿಸಲೇಬೇಕು. ನೀವು ಇಂದು ಅಲ್ಲಿಲ್ಲ. ಸಹಿ ಮಾಡಿದ ಲಿಂಕ್, ಸಾಧನದ ಮಿತಿ, ತೇಲುವ ಗುರುತು ಈ ಮೂರನ್ನು ಹಾಕಿ ಆರು ತಿಂಗಳು ನೋಡಿ. ಆಮೇಲೂ ಹೊಸ ಪಾಠಗಳು ಸೋರಿದರೆ ಡಿಆರ್‌ಎಂ ಮಾತಾಡೋಣ.

ಯೂಟ್ಯೂಬ್ ಅನ್‌ಲಿಸ್ಟೆಡ್ ನಿಮ್ಮ ಹಣದ ಪಾಠಗಳಿಗೆ ಸಲ್ಲದು. ಅನ್‌ಲಿಸ್ಟೆಡ್ ಎಂದರೆ ಹುಡುಕಿದರೆ ಸಿಗದು ಎಂದಷ್ಟೇ. ಲಿಂಕ್ ಇದ್ದವರಿಗೆಲ್ಲ ತೆರೆದೇ ಇದೆ, ನಿಮ್ಮ ಪುಟದಲ್ಲಿ ಹಾಕಿದ ಪ್ಲೇಯರ್‌ನಿಂದಲೇ ಲಿಂಕ್ ಸಿಗುತ್ತದೆ. 2020ರ ನವೆಂಬರ್‌ನಲ್ಲಿ ಬದಲಾದ ನಿಯಮದ ಪ್ರಕಾರ ಯೂಟ್ಯೂಬ್ ತನ್ನ ಪಾಲುದಾರರಲ್ಲದವರ ವೀಡಿಯೊ ಮೇಲೂ ಜಾಹೀರಾತು ಹಾಕಬಹುದು. ಹಣ ಕೊಟ್ಟು ಪಾಠಕ್ಕೆ ಕೂತವರಿಗೆ ಜಾಹೀರಾತು ಬಂದರೆ ಹೇಗಿರುತ್ತದೆ, ಯೋಚಿಸಿ. 2021ರ ಜುಲೈನಲ್ಲಿ ಇನ್ನೊಂದು ಬದಲಾವಣೆ ಬಂತು. 2017ಕ್ಕೂ ಮೊದಲು ಹಾಕಿದ್ದ ಅನ್‌ಲಿಸ್ಟೆಡ್ ವೀಡಿಯೊಗಳು, ಬೇಡ ಎಂದು ಮೊದಲೇ ತಿಳಿಸದವರದ್ದು, ತಾವಾಗಿ ಪ್ರೈವೇಟ್ ಆದವು. ಹಳೆಯ ಲಿಂಕ್‌ಗಳು ಅಷ್ಟು ಭದ್ರವಲ್ಲ ಎಂಬ ಕಾರಣಕ್ಕೆ ಹಾಗೆ ಮಾಡಿದರು, ಅದು ಸರಿಯೇ. ಆದರೆ ಅವುಗಳ ಮೇಲೆ ಕೋರ್ಸ್ ಕಟ್ಟಿದ್ದವರ ಪುಟಗಳಲ್ಲಿ ವೀಡಿಯೊ ಕಾಣದಾಯಿತು. ಬೇರೆಯವರ ಉಚಿತ ಜಾಗದಲ್ಲಿ ನಿಮ್ಮ ಅಂಗಡಿ ಇಟ್ಟರೆ ನಿಯಮ ಅವರದ್ದೇ. ಯೂಟ್ಯೂಬ್‌ನಲ್ಲಿ ಮೂರು ನಾಲ್ಕು ಪಾಠ ಎಲ್ಲರಿಗೂ ಉಚಿತವಾಗಿ ಹಾಕಿ, ಅಲ್ಲಿಂದ ಜನ ನಿಮ್ಮ ಬಳಿಗೆ ಬರಲಿ. ಅದಕ್ಕೆ ಅದಕ್ಕಿಂತ ಒಳ್ಳೆಯ ಜಾಗವಿಲ್ಲ.

ಇಲ್ಲಿ ನೀವು ಕೇಳದ ಒಂದು ವಿಷಯ ಹೇಳಬೇಕು. ನನಗೆ ಹೆಚ್ಚು ಚಿಂತೆ ಇರುವುದು ಇದರ ಬಗ್ಗೆಯೇ. ಕದ್ದರೆ ನಿಮ್ಮ ವೀಡಿಯೊ ಇನ್ನೊಬ್ಬರ ಬಳಿಯೂ ಇರುತ್ತದೆ. ಕಳೆದುಹೋದರೆ ನಿಮ್ಮ ಬಳಿಯೇ ಇರುವುದಿಲ್ಲ. ಚಿಕ್ಕ ವ್ಯವಹಾರವೊಂದು ಹೀಗೆ ಮುಳುಗಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ವೀಡಿಯೊ ಸೇವೆಯ ಖಾತೆಯನ್ನು ಅವರ ವೆಬ್‌ಸೈಟ್ ಮಾಡಿಕೊಟ್ಟವರು ತಮ್ಮ ಸ್ವಂತ ಇಮೇಲ್‌ನಲ್ಲಿ ತೆರೆದಿದ್ದರು. ಕಾರ್ಡ್ ಅವಧಿ ಮುಗಿಯಿತು. ಎಚ್ಚರಿಕೆಯ ಮೇಲ್‌ಗಳೆಲ್ಲ ಆ ವ್ಯಕ್ತಿಗೆ ಹೋದವು, ಅವರು ಆಗಲೇ ಬೇರೆ ಕೆಲಸಕ್ಕೆ ಹೋಗಿದ್ದರು. ಖಾತೆ ಬಂದ್ ಆಯಿತು, ಕೆಲವು ವಾರಗಳ ನಂತರ ಫೈಲ್‌ಗಳನ್ನೂ ಅಳಿಸಿದರು. ಜಾಗ ಸಾಲದು ಎಂದು ಲ್ಯಾಪ್‌ಟಾಪ್‌ನಲ್ಲಿದ್ದ ಮೂಲ ಪ್ರತಿಗಳನ್ನು ಇವರೇ ಮೊದಲೇ ಅಳಿಸಿದ್ದರು. ಎರಡು ವರ್ಷದ ಕೆಲಸ. ಆ ದಿನ ಅವರ ಮುಖ ನೋಡಲಾಗಲಿಲ್ಲ.

ಹಾಗಾಗಿ ಬೀಗ ಹಾಕುವ ಮುನ್ನ ಮೂಲ ಪ್ರತಿಗಳನ್ನು ಒಂದು ಕಡೆ ಸೇರಿಸಿ. ಫೋಟೋಗ್ರಾಫರ್‌ಗಳು, ವೀಡಿಯೊದವರು ಪಾಲಿಸುವ 3-2-1 ಎಂಬ ನಿಯಮವಿದೆ: ಮೂರು ಪ್ರತಿ, ಎರಡು ಬಗೆಯ ಸಾಧನದಲ್ಲಿ, ಒಂದು ಬೇರೆ ಜಾಗದಲ್ಲಿ. ನಿಮಗೆ ಅದು ಕಂಪ್ಯೂಟರ್‌ನಲ್ಲಿ ಒಂದು, ಎಕ್ಸ್‌ಟರ್ನಲ್ ಡಿಸ್ಕ್‌ನಲ್ಲಿ ಒಂದು, ಕ್ಲೌಡ್‌ನಲ್ಲಿ ಒಂದು. ಪಾಠ ಓಡುವ ವೀಡಿಯೊ ಸೇವೆಯನ್ನು ಈ ಮೂರರಲ್ಲಿ ಎಣಿಸಬೇಡಿ. ಎಡಿಟಿಂಗ್ ಪ್ರಾಜೆಕ್ಟ್ ಫೈಲು, ಸಬ್‌ಟೈಟಲ್ ಫೈಲುಗಳನ್ನೂ ಸೇರಿಸಿ. ಆರು ತಿಂಗಳಿಗೊಮ್ಮೆ ಡಿಸ್ಕ್ ಜೋಡಿಸಿ ಒಂದೆರಡು ಪಾಠ ನಿಜವಾಗಿ ತೆರೆಯುತ್ತವಾ ಎಂದು ನೋಡಿ. ವೀಡಿಯೊ ಸೇವೆ, ಡೊಮೇನ್, ಹೋಸ್ಟಿಂಗ್ ಎಲ್ಲ ಖಾತೆಗಳೂ ನಿಮ್ಮ ಇಮೇಲ್‌ನಲ್ಲಿ, ನಿಮ್ಮ ಕಾರ್ಡ್‌ನಲ್ಲಿ ಇರಲಿ, ಎರಡು ಹಂತದ ಲಾಗಿನ್ ಹಾಕಿ. ಕೆಲಸ ಮಾಡಿಕೊಡುವವರಿಗೆ ಬೇರೆ ಬಳಕೆದಾರ ಖಾತೆ ಕೊಡಿ, ನಿಮ್ಮ ಪಾಸ್‌ವರ್ಡ್ ಕೊಡಬೇಡಿ.

ಈಗಾಗಲೇ ಸೋರಿದ ಪಾಠಗಳಿಗೆ ಏನು ಮಾಡುವುದು? ಕೃತಿ ನಿಮ್ಮದು, ಹಕ್ಕು ಹುಟ್ಟಿನಿಂದಲೇ ನಿಮ್ಮದು. 1886ರ ಬರ್ನ್ ಒಪ್ಪಂದಕ್ಕೆ ಸೇರಿದ ದೇಶಗಳಲ್ಲಿ ಕಾಪಿರೈಟ್ ಸಿಗಲು ನೋಂದಣಿ ಬೇಕಿಲ್ಲ. ಆ್ಯಪ್‌ನವರಿಗೆ, ಫೈಲ್ ಇಟ್ಟಿರುವ ಸೇವೆಗೆ ದೂರು ಕೊಡಿ. ಅಮೆರಿಕದ ಕಂಪನಿಗಳಾದರೆ 1998ರ ಡಿಎಂಸಿಎ ಕಾನೂನಿನ ನೋಟಿಸ್ ಸ್ವೀಕರಿಸಲು ಫಾರ್ಮ್ ಇಟ್ಟಿರುತ್ತವೆ. ಯಾವ ಕೃತಿ, ಕದ್ದದ್ದು ಯಾವ ವಿಳಾಸದಲ್ಲಿದೆ, ನಿಮ್ಮ ಸಂಪರ್ಕ, ಇದು ಅನುಮತಿಯಿಲ್ಲದ ಬಳಕೆ ಎಂದು ನಂಬಿರುವ ಹೇಳಿಕೆ, ಮಾಹಿತಿ ನಿಜ ಎಂಬ ಪ್ರಮಾಣ, ಸಹಿ. ಇಷ್ಟೇ ಬೇಕಾದ್ದು. 'ಎಲ್ಲ ಪಾಠ ಆ ಗುಂಪಿನಲ್ಲಿದೆ' ಎಂದು ಬರೆದರೆ ಕೆಲಸ ಆಗುವುದಿಲ್ಲ. ಒಂದೊಂದು ಪೋಸ್ಟ್‌ನ ಲಿಂಕ್ ಕೊಡಿ. ದೂರು ಕೊಡುವ ಮೊದಲೇ ದಿನಾಂಕ ಕಾಣುವ ಹಾಗೆ ಸ್ಕ್ರೀನ್‌ಶಾಟ್ ತೆಗೆದಿಡಿ, ಆಮೇಲೆ ಸಿಗುವುದಿಲ್ಲ. ಗೂಗಲ್ ಹುಡುಕಾಟದಲ್ಲಿ ಬಂದರೆ ಅಲ್ಲೂ ಪ್ರತ್ಯೇಕ ಫಾರ್ಮ್ ಇದೆ. ಒಂದು ಗುಂಪು ಮುಚ್ಚಿದರೆ ಇನ್ನೊಂದು ತೆರೆಯಬಹುದು. ತಿಂಗಳಿಗೆ ಒಂದು ಗಂಟೆ ಇದಕ್ಕೆ ಇಡಿ, ಉಳಿದ ಸಮಯವನ್ನು ಹಣ ಕೊಟ್ಟವರಿಗೆ ಕೊಡಿ. ಅವರು ಕಳಿಸಿದ ಚಿತ್ರ ನೋಡಿ 'ಇಲ್ಲಿ ನೀರು ಜಾಸ್ತಿಯಾಯಿತು, ಇನ್ನೊಂದು ನಿಮಿಷ ಒಣಗಲು ಬಿಡಿ' ಎಂದು ನೀವು ತಿದ್ದುತ್ತೀರಲ್ಲ, ಅದು ಯಾವ ಗುಂಪಿನಲ್ಲೂ ಸಿಗದು.

ಯಾರು ಸೋರಿಸಿದರು ಎಂದು ಹುಡುಕಿ ಎಲ್ಲ ವಿದ್ಯಾರ್ಥಿಗಳಿಗೂ ಬೆದರಿಕೆಯ ಮೇಲ್ ಮಾತ್ರ ಕಳಿಸಬೇಡಿ. ತಪ್ಪು ಮಾಡದ 298 ಜನಕ್ಕೆ ಅದು ನೋವು ಕೊಡುತ್ತದೆ.

ವೀಡಿಯೊಗಳನ್ನು ಹೊಸ ಸೇವೆಗೆ ಸಾಗಿಸುವಾಗ ಪಾಠದ ಪುಟಗಳಲ್ಲಿ ಪ್ಲೇಯರ್‌ನ ಕೋಡನ್ನು 64 ಕಡೆ ಅಂಟಿಸಬೇಡಿ. ಒಂದು ಶಾರ್ಟ್‌ಕೋಡ್, ಅಂದರೆ ಪ್ಲೇಯರ್ ಅನ್ನು ತಾನಾಗಿ ತಂದು ಕೂರಿಸುವ ಚಿಕ್ಕ ಗುರುತು ಮಾಡಿಸಿ, ಪಾಠದ ನಂಬರ್ ಮಾತ್ರ ಪುಟದಲ್ಲಿರಲಿ. ನಾಳೆ ಸೇವೆ ಬದಲಿಸಬೇಕಾದರೆ ಒಂದೇ ಜಾಗದಲ್ಲಿ ತಿದ್ದಿದರೆ ಆಯಿತು. ಮೊದಲು ಐದು ಪಾಠ ಸಾಗಿಸಿ. ಒಂದು ಹಳೆಯ ಆಂಡ್ರಾಯ್ಡ್, ಒಂದು ಐಫೋನ್, ಒಂದು ಲ್ಯಾಪ್‌ಟಾಪ್‌ನಲ್ಲಿ ನೋಡಿ. ಒಂದು ವಾರ ದೂರು ಬಾರದಿದ್ದರೆ ಉಳಿದದ್ದನ್ನೂ ಸಾಗಿಸಿ. ಎಲ್ಲ ಮುಗಿದ ಮೇಲೆ ಹಳೆಯ ಫೋಲ್ಡರ್‌ನಿಂದ ಎಂಪಿ4ಗಳನ್ನು ಅಳಿಸಿ, ಮೂಲ ಪ್ರತಿಗಳು ಮೂರು ಕಡೆ ಇವೆ ಎಂದು ಖಾತ್ರಿ ಮಾಡಿಕೊಂಡ ನಂತರವೇ. ಹಳೆಯ ಹೋಸ್ಟಿಂಗ್ ಮುಂದೆ ಸಿಡಿಎನ್ ಇದ್ದರೆ ಅದರ ಕ್ಯಾಶ್ (ಅದು ತನ್ನಲ್ಲಿ ಉಳಿಸಿಕೊಂಡ ಪ್ರತಿಗಳು) ಕೂಡ ಖಾಲಿ ಮಾಡಿಸಿ. ಇಲ್ಲದಿದ್ದರೆ ಅಳಿಸಿದ ಫೈಲ್ ಅಲ್ಲಿ ಇನ್ನೂ ಕೆಲವು ದಿನ ಸಿಗುತ್ತಿರುತ್ತದೆ. ಕೊನೆಗೆ ನೀವು ಮೊದಲ ದಿನ ಕಾಪಿ ಮಾಡಿಕೊಂಡ ಆ ಹಳೆಯ ವಿಳಾಸವನ್ನು ಪ್ರೈವೇಟ್ ಕಿಟಕಿಯಲ್ಲಿ ಮತ್ತೆ ಅಂಟಿಸಿ ನೋಡಿ. 404, ಅಂದರೆ 'ಇಲ್ಲಿ ಏನೂ ಇಲ್ಲ' ಎಂಬ ಸಂದೇಶ ಬರಬೇಕು.